ಇಪ್ಪತ್ತೆರಡು ತಲೆಯ ಸರ್ವರ್

ಹೊಸಪೇಟೆಯಲ್ಲಿ ನನ್ನ ಹೊಲಿಗೆ ಅಂಗಡಿಯ ಎದುರಿಗೆ ಒಂದು ಸರ್ಕಾರಿ ಕಚೇರಿ ಇದೆ. ಯಾವ ಇಲಾಖೆಯದು ಎಂದು ಹೇಳುವುದಿಲ್ಲ. ನನ್ನದೊಂದು ಅರ್ಜಿ ಇನ್ನೂ ಅದರೊಳಗಿದೆ. ಆ ಕಚೇರಿಯಲ್ಲಿ ಮೇಜಿದೆ, ಕುರ್ಚಿ ಇದೆ, ಗೋಡೆಗೆ ಗಡಿಯಾರ ಇದೆ, ಗುಮಾಸ್ತರಾದ ಮಾರುತೇಶ್ ಇದ್ದಾರೆ. ಇಲ್ಲದ್ದು ಒಂದೇ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಮಾರುತೇಶ್ ಕಿಟಕಿಯಿಂದ ಮುಖ ಹೊರಗೆ ಹಾಕಿ, ಸಾಲಿನ ಕೊನೆಯವರಿಗೂ ಕೇಳುವ ಹಾಗೆ, ಸರ್ವರ್ ಇಲ್ಲ, ನಾಳೆ ಬನ್ನಿ ಎಂದು ಹೇಳಿ ಮುಖ ಒಳಗೆ ತೆಗೆದುಕೊಳ್ಳುತ್ತಾರೆ. ಜನ ತಿರುಗಿ ಬಂದು ನನ್ನ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತು, ಕಟ್ಟಿಕೊಂಡು ಬಂದ ರೊಟ್ಟಿ ಉಂಡು, ಬಸ್ಸು ಹಿಡಿಯುತ್ತಾರೆ. ಸರ್ವರ್ ಎಂದರೆ ಏನು, ಅದು ದಿನಾ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರಿಲ್ಲ. ಅದನ್ನು ಚುನಾವಣೆ ಕೆಲಸಕ್ಕೆ ಹಾಕಿದ್ದಾರೆ ಎಂದು ಕೆಲವರು ನಂಬಿದ್ದರು. ಹೆರಿಗೆ ರಜೆಯ ಮೇಲಿದೆ ಎಂದವರೂ ಇದ್ದರು.

ನನ್ನ ಅಂಗಡಿಗೂ ಬಸವಕುಮಾರನ ಅಂಗಡಿಗೂ ನಡುವೆ ಒಂದೇ ಗೋಡೆ. ನಾನೂ ಅವನೂ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನ ಮೇಲೆ, ಒಂದೇ ವಿಷಯದಲ್ಲಿ ಫೇಲಾದವರು. ಅವನು ಆನ್‌ಲೈನ್ ಅರ್ಜಿ ತುಂಬುತ್ತಾನೆ, ಜೆರಾಕ್ಸ್ ತೆಗೆಯುತ್ತಾನೆ, ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹಾಕಿಸಿ ಕೊಡುತ್ತಾನೆ. ಅವನ ಹಳೆಯ ಕಂಪ್ಯೂಟರ್ ಹನ್ನೆರಡು ವರ್ಷ ದುಡಿದು, ಈ ಆಷಾಢದಲ್ಲಿ ಹೊಟ್ಟೆಯೊಳಗೆ ಹಲ್ಲಿ ಹೊಕ್ಕು ತೀರಿಕೊಂಡಿತು. ಬಳ್ಳಾರಿಯಲ್ಲಿ ಕಂಪ್ಯೂಟರ್ ಓದುತ್ತಿರುವ ಅವನ ಮಗಳು ಪೂಜಿತಾ, ಹೊಸದು ಯಾವುದು ಕೊಳ್ಳಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟು ಹೋದಳು. ಸಾಧಾರಣ ಡೆಸ್ಕ್‌ಟಾಪ್ ಪ್ರೊಸೆಸರ್, ಆರು ಕೋರ್, ಚಿತ್ರ ತಾನೇ ತೋರಿಸುತ್ತದೆ, ಬಿಸಿಯಾಗುವುದಿಲ್ಲ, ಕೂಗುವುದಿಲ್ಲ. ಕೆಳಗೆ 'ಇದಕ್ಕಿಂತ ದೊಡ್ಡದು ಬೇಡ ಅಪ್ಪಾ' ಎಂದು ಬರೆದು ಎರಡು ಗೆರೆ ಎಳೆದಿದ್ದಳು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯದೇ ಇದ್ದುದಕ್ಕೆ ಕಾರಣ ರೇವಣಸಿದ್ದ.

ರೇವಣಸಿದ್ದ ಬಸವಕುಮಾರನ ಷಡ್ಡಕ. ಅಕ್ಕನನ್ನು ಅವನು, ತಂಗಿ ತ್ರಿವೇಣಿಯನ್ನು ಇವನು ಮದುವೆಯಾಗಿದ್ದಾರೆ. ನಮ್ಮದೇ ಬೀದಿಯ ತಿರುವಿನಲ್ಲಿ ಅವನದೂ ಇಂಥದೇ ಅಂಗಡಿ. ಪೂಜಿತಾಳ ಚೀಟಿಯಲ್ಲಿದ್ದ ಅದೇ ಆರು ಕೋರಿನ ಕಂಪ್ಯೂಟರನ್ನು ಅವನು ಹಿಂದಿನ ತಿಂಗಳೇ ತಂದು, ಹಾರ ಹಾಕಿ ಕೂರಿಸಿದ್ದ. ಇಬ್ಬರಿಗೂ ಅತ್ತೆಯಾದ ಮರುಳಸಿದ್ದಮ್ಮ ಕಂಪ್ಲಿಯವರು, ಅಕ್ಕಿ ಗಿರಣಿಯ ಮನೆತನ. ಅವರಿಗೆ ಇಬ್ಬರು ಅಳಿಯಂದಿರನ್ನು ತೂಗಿ ನೋಡುವುದು ಬಿಟ್ಟರೆ ಬೇರೆ ಮನರಂಜನೆ ಇಲ್ಲ. ಯಾವ ಅಳಿಯನ ಕೈ ಮೇಲಾಗಿದೆಯೋ ಹಬ್ಬದ ಊಟದಲ್ಲಿ ಅವನ ಹೋಳಿಗೆಗೆ ಮೊದಲು ತುಪ್ಪ ಬೀಳುತ್ತದೆ. ಹೊಸ ಕಂಪ್ಯೂಟರ್ ಬಂದ ಮೇಲೆ ನಡೆದ ನಾಮಕರಣದ ಊಟದಲ್ಲಿ ರೇವಣಸಿದ್ದನಿಗೆ ಮೊದಲು ಬಡಿಸಿದ್ದರಂತೆ.

"ನನ್ನ ಎಲಿಗೆ ಬರೋವಾಗ ತುಪ್ಪ ಹೆಪ್ಪುಗಟ್ಟಿತ್ತು ಓಬಳಪ್ಪ," ಎಂದು ಬಸವಕುಮಾರ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದ. ಅವನ ಕಣ್ಣು ಒದ್ದೆಯಾಗಿತ್ತು. ರೇವಣಸಿದ್ದನದನ್ನೇ ತಂದರೆ ಸರಿಸಮನಾದ ಹಾಗಾಯಿತು, ಮೇಲಾದ ಹಾಗಾಗಲಿಲ್ಲ ಎಂಬುದು ಅವನ ವಾದ. ವಾದದಲ್ಲಿ ಹುಳುಕಿರಲಿಲ್ಲ, ಹುಳುಕು ಇದ್ದದ್ದು ಸಂಡೂರಿನಲ್ಲಿ.

ಸಂಡೂರಿನಲ್ಲಿ ಎರ್ರಿಯಪ್ಪ ಎಂಬ ಗುಜರಿ ವ್ಯಾಪಾರಿ ಇದ್ದಾನೆ. ಮುಚ್ಚಿಹೋದ ಗಣಿ ಕಚೇರಿಗಳ ಮೇಜು, ಬೀರು, ಫ್ಯಾನು, ಟೆಲಿಫೋನು ಎಲ್ಲ ಅವನ ಅಂಗಳಕ್ಕೆ ಬಂದು ಬೀಳುತ್ತವೆ. ಭಾನುವಾರ ಬಸವಕುಮಾರ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದ. ಎರ್ರಿಯಪ್ಪ ತಗಡಿನ ಶೆಡ್ಡಿನ ಮೂಲೆಯಿಂದ ಎರಡು ಮೊಳ ಉದ್ದದ ಕಬ್ಬಿಣದ ಪೆಟ್ಟಿಗೆಯೊಂದನ್ನು ಎಳೆದು, ಕೆಂಪು ಧೂಳು ಒರೆಸಿದ.

"ಇದು ಸರ್ವರ್ ಪ್ರೊಸೆಸರ್ ರೀ," ಎಂದ. "ಮನಿಯಾಗ ಇಡೋದಲ್ಲ, ಕಂಪನಿಯಾಗ ಇಡೋದು. ಒಳಗ ಇಪ್ಪತ್ತೆರಡು ಕೋರ್ ಅದಾವು. ಕೋರ್ ಅಂದ್ರ ತಲಿ ಅಂತ ತಿಳ್ಕೋರಿ."

ಇಪ್ಪತ್ತೆರಡರಲ್ಲಿ ಆರು ಕಳೆದರೆ ಹದಿನಾರು ಎಂದು ಬಸವಕುಮಾರನ ತುಟಿ ಲೆಕ್ಕ ಹಾಕಿದ್ದನ್ನು ನಾನು ನೋಡಿದೆ. ನಾನು ದರ್ಜಿ. ಮೂವತ್ತೆರಡು ಸೊಂಟದವನಿಗೆ ನಲವತ್ತೆಂಟರ ಪ್ಯಾಂಟು ಹೊಲಿದು ಕೊಡುವವನಲ್ಲ. ಹಾಗಾಗಿ ಒಂದು ಮಾತು ಕೇಳಿದೆ. ಇವನು ಒಂದು ಸಲಕ್ಕೆ ಒಂದು ಅರ್ಜಿ ತುಂಬುವವನು. ಒಂದು ತಲೆ ಆ ಅರ್ಜಿ ನೋಡಿಕೊಂಡರೆ ಉಳಿದ ಇಪ್ಪತ್ತೊಂದು ಏನು ಮಾಡುತ್ತವೆ?

"ಅವು ಕಾಯ್ಕೊಂಡು ಕುಂತಿರ್ತಾವು," ಎಂದ ಎರ್ರಿಯಪ್ಪ.

ಆ ಉತ್ತರ ಬಸವಕುಮಾರನಿಗೆ ಬಹಳ ಹಿಡಿಸಿತು. ಅಷ್ಟು ಮಂದಿ ತನಗಾಗಿ ಕಾಯುತ್ತ ಕೂತಿರುವುದು ಅವನ ಜೀವನದಲ್ಲಿ ಅದೇ ಮೊದಲು. ಎರ್ರಿಯಪ್ಪ ಪೆಟ್ಟಿಗೆಗೆ ಕರೆಂಟು ಕೊಟ್ಟ. ಒಳಗಿನ ಫ್ಯಾನುಗಳು ಎದ್ದು ಕೂಗಿದ ಹೊಡೆತಕ್ಕೆ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿ ಹೋದವು. ಚಿತ್ರ ಬರುತ್ತದೋ ಇಲ್ಲವೋ ನೋಡಲು ಅಲ್ಲಿ ಪರದೆ ಇರಲಿಲ್ಲ. ದನಿಯೇ ಹೀಗಿದ್ದರೆ ಕೆಲಸ ಹೇಗಿರಬೇಡ ಎಂದು ಬಸವಕುಮಾರ ನನ್ನನ್ನೇ ಕೇಳಿದ. ಜೇಬಿನಿಂದ ಮಗಳ ಚೀಟಿ ತೆಗೆದು ನೋಡಿದ, ಪೆಟ್ಟಿಗೆ ನೋಡಿದ, ಚೀಟಿ ಮಡಚಿ ಒಳಗಿಟ್ಟ. ಬರುವಾಗ ಬಸ್ಸಿನಲ್ಲಿ ಪೆಟ್ಟಿಗೆ ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿತು. ನಾನು ಹೊಸಪೇಟೆಯವರೆಗೆ ನಿಂತುಕೊಂಡು ಬಂದೆ.

ಸೋಮವಾರ ಬೆಳಿಗ್ಗೆ ಅದಕ್ಕೆ ವಿಭೂತಿ ಹಚ್ಚಿ, ತೆಂಗಿನಕಾಯಿ ಒಡೆದು, ಸ್ವಿಚ್ಚು ಹಾಕಿದ. ನನ್ನ ಅಂಗಡಿಯ ಗೋಡೆ ನಡುಗಿತು. ಮೇಜಿನ ಮೇಲಿದ್ದ ಕತ್ತರಿ ತಾನಾಗಿ ಸರಿದು ಅಂಚಿನವರೆಗೆ ಹೋಯಿತು. ನನ್ನ ಸೀಲಿಂಗ್ ಫ್ಯಾನು ನಿಧಾನವಾಯಿತು. ಓಡಿಹೋಗಿ ನೋಡಿದರೆ ಪೆಟ್ಟಿಗೆ ಅಬ್ಬರಿಸುತ್ತಿದೆ, ಪರದೆ ಮಾತ್ರ ಕಪ್ಪಗಿದೆ. ಬಸವಕುಮಾರ ವೈರು ಕಿತ್ತು ಚುಚ್ಚಿದ, ಪರದೆಯ ಬೆನ್ನು ತಟ್ಟಿದ, ಇನ್ನೊಂದು ಊದುಬತ್ತಿ ಹಚ್ಚಿದ. ದೊಡ್ಡ ಮಿಷನ್ನು, ನಿಧಾನಕ್ಕೆ ಬರುತ್ತದೆ ಎಂದು ನನಗೆ ಸಮಾಧಾನ ಹೇಳಿದ. ಹನ್ನೊಂದಾದರೂ ಬರಲಿಲ್ಲ. ಕೊನೆಗೆ ಹೆಗಲ ಮೇಲಿನ ಟವೆಲ್ಲು ತೆಗೆದು ಪರದೆಯ ಮೇಲೆ ಹೊದಿಸಿದ.

ಅದೇ ಹೊತ್ತಿಗೆ ರೇವಣಸಿದ್ದ ಬಂದ. ಮುಖದ ಮೇಲೆ ನಗು ಇಟ್ಟುಕೊಂಡೇ ಬಂದಿದ್ದ. ಇದೇನು ತಂದಿದ್ದೀ ಎಂದು ಕೇಳಿದ. ಪೆಟ್ಟಿಗೆಯ ಗದ್ದಲದಲ್ಲಿ ಮೆಲ್ಲಗೆ ಮಾತಾಡಿದರೆ ಪಕ್ಕದವನಿಗೂ ಕೇಳದು. ಅದಕ್ಕೆ ಬಸವಕುಮಾರ ಗಂಟಲು ಹರಿಯುವ ಹಾಗೆ ಕೂಗಿದ.

"ಸರ್ವರ್ ತಂದೀನಿ, ಅಣ್ಣಾ. ನಿಂದು ಆರು ತಲಿದು, ನಂದು ಇಪ್ಪತ್ತೆರಡು."

ರೇವಣಸಿದ್ದ ಒಬ್ಬನೇ ಕೇಳಿಸಿಕೊಂಡಿದ್ದರೆ ಷಡ್ಡಕರ ಜಗಳ ಷಡ್ಡಕರಲ್ಲೇ ಉಳಿಯುತ್ತಿತ್ತು. ಆದರೆ ಹೊರಗೆ ಕಟ್ಟೆಯ ಮೇಲೆ ಹತ್ತಾರು ಜನ ರೊಟ್ಟಿ ಬಿಚ್ಚುತ್ತಿದ್ದರು. ಅವರಲ್ಲಿ ಹೊನ್ನೂರಮ್ಮ ಇದ್ದಳು.

ಹೊನ್ನೂರಮ್ಮ ಮರಿಯಮ್ಮನಹಳ್ಳಿಯ ಮುದುಕಿ. ಎಪ್ಪತ್ತು ದಾಟಿದೆ. ಜೀವಮಾನವೆಲ್ಲ ಶೇಂಗಾ ಕಿತ್ತು, ಸುಲಿದು, ಅವಳ ಹೆಬ್ಬೆರಳಿನ ಗೆರೆಗಳು ಸವೆದುಹೋಗಿದ್ದವು. ಬೆರಳು ಒತ್ತಿದರೆ ಮಿಷನ್ನು ಇವಳನ್ನು ಇವಳೆಂದು ಒಪ್ಪಲಿಲ್ಲ, ಪಿಂಚಣಿ ನಿಂತಿತು. ಮತ್ತೆ ಶುರುವಾಗಬೇಕಾದರೆ ಆ ಕಚೇರಿಯ ಒಂದು ಕಾಗದಕ್ಕೆ ಸಹಿ ಬೀಳಬೇಕು, ಅದೂ ತಿಂಗಳ ಕೊನೆಯ ಶುಕ್ರವಾರದೊಳಗೆ. ತಪ್ಪಿದರೆ ಅರ್ಜಿ ಮೊದಲಿನಿಂದ. ಇದು ಅವಳ ಹದಿನಾಲ್ಕನೇ ಸಲ. ಹದಿನಾಲ್ಕು ಸಲವೂ ಸರ್ವರ್ ಇಲ್ಲ ಎಂಬ ಮಾತು ಕೇಳಿ, ಸರ್ವರ್ ಒಂದಿದ್ದರೆ ತನ್ನ ಕೆಲಸ ಆಗುತ್ತಿತ್ತು ಎಂದು ಅವಳು ತಿಳಿದುಕೊಂಡಿದ್ದಳು. ಈಗ ಸರ್ವರ್ ಬಂದಿದೆ ಎಂದು ತನ್ನ ಕಿವಿಯಿಂದಲೇ ಕೇಳಿದಳು. ಅವಳು ರೊಟ್ಟಿ ಮಡಚಿ, ಸೆರಗು ಸರಿಮಾಡಿಕೊಂಡು, ರಸ್ತೆ ದಾಟಿ ಕಿಟಕಿಯ ಹತ್ತಿರ ಹೋದಳು. ನಾನೂ ಕುತೂಹಲಕ್ಕೆ ಹಿಂದೆ ಹೋದೆ.

"ಸಾಹೇಬ, ಸರ್ವರ್ ಬಂದೈತಿ," ಎಂದಳು. "ಅಕಾ, ಅಲ್ಲಿ. ಕೇಳ್ತೈತಲ್ಲ?"

ಕೇಳದೇ ಇರಲು ಸಾಧ್ಯವಿರಲಿಲ್ಲ. ಮಾರುತೇಶರ ಚಹದ ಲೋಟದಲ್ಲಿ ಅಲೆಗಳು ಏಳುತ್ತಿದ್ದವು. ಅದು ನಮ್ಮ ಸರ್ವರ್ ಅಲ್ಲಮ್ಮ ಎಂದರು ಅವರು.

"ಹಂಗಾದ್ರ ನಿಮ್ದು ಎಲ್ಲೈತಿ, ತೋರಸ್ರಿ. ಎರಡೂ ನೋಡಿ ಸುಮ್ಕ ಹೋಗ್ತೀವಿ."

ಮಾರುತೇಶ್ ತಿರುಗಿ ಹಿಂದಿನ ಕಪಾಟಿನ ಕಡೆ ನೋಡಿದರು. ಕಚೇರಿಯ ಸರ್ವರ್ ಎಲ್ಲಿದೆ ಎಂದು ಅವರಿಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಆ ಪ್ರಶ್ನೆ ಯಾರೂ ಹಾಕಿರಲಿಲ್ಲ. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಬಂದು ಅವಳ ಹಿಂದೆ ಸಾಲು ನಿಂತರು. ಒಬ್ಬರೂ ಕೂಗಲಿಲ್ಲ, ಬೈಯಲಿಲ್ಲ. ಎಲ್ಲರೂ ರಸ್ತೆಯಾಚೆಯ ಗದ್ದಲವನ್ನು ಕೇಳುತ್ತ, ಮಾರುತೇಶರ ಮುಖ ನೋಡುತ್ತ ನಿಂತರು. ಮಾರುತೇಶ್ ನಿಟ್ಟುಸಿರು ಬಿಟ್ಟು, ಹೊನ್ನೂರಮ್ಮನ ಕಾಗದ ಒಳಗೆ ಎಳೆದುಕೊಂಡು, ಮೊಹರಿನ ಡಬ್ಬಿ ಬಿಚ್ಚಿದರು. ಮಸಿ ಒಣಗಿ ಬಿರುಕು ಬಿಟ್ಟಿತ್ತು. ಅದಕ್ಕೆ ಚಹ ಹನಿಸಿ ಮೊದಲ ಮೊಹರು ಒತ್ತಿದರು.

ಮಂಗಳವಾರ ಸಾಲು ಬಸ್ ನಿಲ್ದಾಣದ ದಿಕ್ಕಿಗೆ ಬೆಳೆಯಿತು. ಜನ ಒಂದು ಚರಿತ್ರೆಯನ್ನೂ ಕಟ್ಟಿಕೊಂಡು ಬಂದಿದ್ದರು. ಕಚೇರಿಯಿಂದ ಕಾಣೆಯಾಗಿದ್ದ ಸರ್ವರ್ ಇದೇ. ಇದನ್ನು ಗಣಿಯವರು ಸಂಡೂರಿನ ಗುಡ್ಡದಲ್ಲಿ ಬಚ್ಚಿಟ್ಟಿದ್ದರು. ಬಸವಕುಮಾರ ಪ್ರಾಣದ ಹಂಗು ತೊರೆದು ಹುಡುಕಿ ತಂದ. ಪ್ರಾಣದ ಹಂಗಿನ ಭಾಗವನ್ನು ಬಸವಕುಮಾರ ನಿರಾಕರಿಸಲಿಲ್ಲ. ಹಂಪಿ ಬಜಾರಿನಲ್ಲಿ ಗೈಡ್ ಕೆಲಸ ಮಾಡುವವನೊಬ್ಬ ನಾಲ್ಕು ಜನ ವಿದೇಶಿಯರನ್ನು ಕರೆತಂದು ಪೆಟ್ಟಿಗೆ ತೋರಿಸಿದ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಫೋಟೊ ತೆಗೆಸಿಕೊಂಡರು. ಪರದೆಗೆ ಟವೆಲ್ಲು ಯಾಕೆ ಎಂದು ಯಾರೋ ಕೇಳಿದ್ದಕ್ಕೆ, ಸಾಲಿನಲ್ಲಿದ್ದ ಹಿರಿಯರೊಬ್ಬರು ದೃಷ್ಟಿಯಾಗಬಾರದಲ್ಲ ಎಂದು ತಾವೇ ಉತ್ತರ ಕೊಟ್ಟರು.

ಕಚೇರಿ ಈಗ ಪೆಟ್ಟಿಗೆಯ ಹೊತ್ತಿಗೆ ನಡೆಯತೊಡಗಿತು. ಬಸವಕುಮಾರ ಹತ್ತೂವರೆಗೆ ಸ್ವಿಚ್ಚು ಹಾಕಿದರೆ ಮಾರುತೇಶ್ ಪೆನ್ನು ತೆಗೆಯಬೇಕು. ಮಧ್ಯಾಹ್ನ ಒಂದು ಸಲ ಕರೆಂಟು ಹೋಯಿತು. ಗದ್ದಲ ನಿಂತ ಕ್ಷಣವೇ ಕಿಟಕಿಯಲ್ಲಿ ಮಾರುತೇಶರ ಮುಖ ಅರಳಿ, ಸರ್ವರ್ ಇಲ್ಲ ಎಂಬ ಘೋಷಣೆ ಆಯಿತು. ಐದು ನಿಮಿಷಕ್ಕೆ ಕರೆಂಟು ಬಂತು, ಮುಖ ಬಾಡಿತು. ಆ ಗುಮಾಸ್ತರು ಕೆಟ್ಟವರೆಂದು ಹೇಳಲಾರೆ. ವರ್ಷಾನುಗಟ್ಟಲೆ ಒಂದು ಆಸರೆ ಇತ್ತು, ಅದನ್ನು ರಸ್ತೆಯಾಚೆ ಯಾರೋ ಕಿತ್ತುಕೊಂಡರು, ಅಷ್ಟೆ. ನನ್ನ ಅರ್ಜಿಯೂ ಕಪಾಟಿನಿಂದ ಮೇಜಿಗೆ ಬಂದದ್ದನ್ನು ಕಿಟಕಿಯಿಂದ ನೋಡಿದ ಮೇಲೆ, ಪರದೆ ಕಪ್ಪಗಿರುವ ವಿಷಯ ಯಾರಿಗೂ ಹೇಳಬಾರದೆಂದು ನಾನು ತೀರ್ಮಾನಿಸಿದೆ.

ಬಸವಕುಮಾರನ ಸ್ವಂತ ಕೆಲಸ ಮಾತ್ರ ನಿಂತೇ ಹೋಯಿತು. ಕಪ್ಪು ಪರದೆಯಲ್ಲಿ ಅರ್ಜಿ ತುಂಬುವುದು ಹೇಗೆ? ಯಾರಾದರೂ ಕೇಳಿದರೆ, ಇದು ದೊಡ್ಡ ಕೆಲಸದ ಮಿಷನ್ನು, ಸಣ್ಣ ಕೆಲಸ ತಿರುವಿನ ಅಂಗಡಿಯಲ್ಲಿ ಮಾಡಿಸಿಕೊಂಡು ಬನ್ನಿ ಎಂದು ಗತ್ತಿನಿಂದ ಕಳಿಸುತ್ತಿದ್ದ. ಸಾಲಿನವರೆಲ್ಲ ರೇವಣಸಿದ್ದನ ಅಂಗಡಿಗೆ ಹೋಗಿ ಅರ್ಜಿ ತುಂಬಿಸಿಕೊಂಡು, ಬಸವಕುಮಾರನ ಅಂಗಡಿಗೆ ಬಂದು ಕೈಮುಗಿದು, ಕಚೇರಿಗೆ ಹೋಗುತ್ತಿದ್ದರು. ಹೆಸರೆಲ್ಲ ಇವನಿಗೆ, ವ್ಯಾಪಾರವೆಲ್ಲ ಅವನಿಗೆ. ರೇವಣಸಿದ್ದನಿಗೆ ಉಣ್ಣಲು ಬಿಡುವಿರಲಿಲ್ಲ. ಸೋಮವಾರ ನಕ್ಕಿದ್ದವನು ಬುಧವಾರದ ಹೊತ್ತಿಗೆ, ಸರ್ವರ್ ಆರಾಮ ಇದೆಯಾ ಎಂದು ದಿನಕ್ಕೆ ಎರಡು ಸಲ ವಿಚಾರಿಸಿಕೊಂಡು ಹೋಗತೊಡಗಿದ.

ಬುಧವಾರವೇ ಮರುಳಸಿದ್ದಮ್ಮ ಕಂಪ್ಲಿಯಿಂದ ಇಳಿದರು. ಒಂದು ಕೈಯಲ್ಲಿ ಅಕ್ಕಿಯ ಚೀಲ, ಇನ್ನೊಂದರಲ್ಲಿ ಶೇಂಗಾದ ಚೀಲ. ಸಣ್ಣ ಅಳಿಯ ಊರಿಗೇ ಸರ್ವರ್ ತಂದಿದ್ದಾನೆ ಎಂಬ ಸುದ್ದಿ ಅಲ್ಲಿಯವರೆಗೂ ಹೋಗಿತ್ತು. ಅವರು ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಸಿಕೊಂಡು ಕೂತು, ಬಂದುಹೋಗುವವರಿಗೆ ತಾವು ಸರ್ವರಿನ ಅತ್ತೆ ಎಂದು ತಿಳಿಸುತ್ತಿದ್ದರು. ಒಂದು ಸಲ ಟವೆಲ್ಲಿನ ಅಂಚು ಎತ್ತಿ ಇಣುಕಿದರು.

"ಇದರಾಗ ಏನೂ ಕಾಣವಲ್ದಲ್ರಿ, ಅಳಿಯಂದ್ರ."

"ಇದು ನೋಡೋ ಮಿಷನ್ ಅಲ್ಲ ಅತ್ತೀ, ಮಾಡೋ ಮಿಷನ್," ಎಂದ ಬಸವಕುಮಾರ.

ಅವರು ಅಳಿಯನನ್ನು ಎರಡು ಕ್ಷಣ ದಿಟ್ಟಿಸಿ ನೋಡಿ, ಟವೆಲ್ಲು ಇಳಿಬಿಟ್ಟರು. ಅಂದು ಮಧ್ಯಾಹ್ನ ಇಬ್ಬರು ಅಳಿಯಂದಿರನ್ನೂ ಕೂರಿಸಿ ಬಡಿಸಿದಾಗ ಮೊದಲ ತುಪ್ಪ ಬಸವಕುಮಾರನ ಎಲೆಗೆ ಬಿತ್ತು. ಬಿಸಿ ಇತ್ತು ಎಂದು ಅವನು ನನಗೆ ನಾಲ್ಕು ಸಲ ಹೇಳಿದ.

ಗುರುವಾರ ಹೊನ್ನೂರಮ್ಮನ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿತು. ಇನ್ನು ಮೇಲಧಿಕಾರಿ ಸಾಹೇಬರ ಸಹಿ ಒಂದೇ ಬಾಕಿ. ಅವರು ಕೂರುವುದು ಶುಕ್ರವಾರ ಮಧ್ಯಾಹ್ನ, ಮಾರುತೇಶ್ ಒಳಗೆ ಕಳಿಸಿದ ಕಾಗದಗಳಿಗೆ ಮಾತ್ರ. ಶುಕ್ರವಾರವೇ ಕೊನೆಯ ದಿನ. ಹೊನ್ನೂರಮ್ಮ ಅಂದು ಮೊದಲ ಬಸ್ಸಿಗೇ ಬಂದಿದ್ದರೂ ಅವಳ ಚೀಟಿಯ ನಂಬರು ಮೂವತ್ತೊಂದು. ಅವಳಿಗಿಂತ ಮೊದಲು ಬಂದವರು ಕಟ್ಟೆಯ ಮೇಲೇ ಮಲಗಿ ಎದ್ದವರು.

ಎರಡೂವರೆಗೆ ಇಪ್ಪತ್ತಾರನೇ ನಂಬರು ನಡೆಯುತ್ತಿತ್ತು. ಪೆಟ್ಟಿಗೆ ಐದು ದಿನದಿಂದ ಕಾದು ಕಾದು, ಅದರ ಮೇಲೆ ಇಟ್ಟ ಚಹ ಆರುತ್ತಿರಲಿಲ್ಲ. ಅದರ ದನಿ ಒಮ್ಮೆ ಏರಿತು, ಇನ್ನೂ ಏರಿತು, ಆಮೇಲೆ ಒಳಗೆ ಟಪ್ ಎಂದಿತು. ಒಂದು ಎಳೆ ಹೊಗೆ ಬಂತು. ಗದ್ದಲ ನಿಂತಿತು.

ಐದು ದಿನದಲ್ಲಿ ಮೊದಲ ಸಲ ನನಗೆ ಗುಬ್ಬಿಗಳ ದನಿ ಕೇಳಿಸಿತು. ಅದರ ಹಿಂದೆಯೇ ಎದುರು ಕಚೇರಿಯಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದೂ ಕೇಳಿಸಿತು. ಮಾರುತೇಶ್ ಎದ್ದಿದ್ದರು.

ಅಲ್ಲಿಯವರೆಗೆ ನನಗೆ ಇದೆಲ್ಲ ತಮಾಷೆಯಾಗಿತ್ತು. ಕಟ್ಟೆಯ ಮೇಲೆ ಚೀಟಿ ಹಿಡಿದು ಕೂತಿದ್ದ ಹೊನ್ನೂರಮ್ಮನ ಮುಖ ನೋಡಿದಾಗ ಎದ್ದು ಪಕ್ಕದ ಅಂಗಡಿಗೆ ಓಡಿದೆ. ಬಸವಕುಮಾರ ಪೆಟ್ಟಿಗೆಯನ್ನು ಎರಡೂ ಕೈಯಿಂದ ಅಲುಗಿಸುತ್ತಿದ್ದ. ಅವನ ಮುಖ ಸುಣ್ಣದಂತಾಗಿತ್ತು.

"ತುಪ್ಪ ಹಾಳಾಗ್ಲಿ ಓಬಳಪ್ಪ," ಎಂದ. "ಆ ಮುದುಕಿಗೆ ನಾ ಏನ್ ಹೇಳ್ಲಿ?"

ಸದ್ದು ನಿಂತದ್ದು ತಿರುವಿನವರೆಗೂ ಗೊತ್ತಾಗಿ ರೇವಣಸಿದ್ದ ಓಡುತ್ತ ಬಂದ. ಅಂಗಡಿಯ ಹಿಂದಿನ ಮನೆಯಿಂದ ಮರುಳಸಿದ್ದಮ್ಮ ಬಂದರು, ಕೈಯಲ್ಲಿ ಸಟ್ಟುಗ. ಊರಿಗೆ ಹೊರಡುವ ಮೊದಲು ಮಗಳಿಗೆ ಚಟ್ನಿಪುಡಿ ಮಾಡಿಕೊಡೋಣ ಎಂದು ಒಳಗೆ ಶೇಂಗಾ ಹುರಿಯುತ್ತಿದ್ದರು. ಅವರು ಹೊಗೆ ನೋಡಿದರು, ಅಳಿಯಂದಿರ ಮುಖ ನೋಡಿದರು, ರಸ್ತೆಯಾಚೆ ಕಿಟಕಿಯ ಕಡೆಗೆ ನಡೆಯುತ್ತಿದ್ದ ಗುಮಾಸ್ತರನ್ನು ನೋಡಿದರು. ಅಕ್ಕಿ ಗಿರಣಿಯ ಮನೆಯವರು. ಮಿಷನ್ನು ನಿಂತಾಗ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇದು ಏನ್ ಮಾಡ್ತಿತ್ತೋ ನನಗ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ," ಎಂದರು. "ಗದ್ದಲ ಬೇಕು, ಹೌದಲ್ಲೋ? ತ್ರಿವೇಣಿ, ಮಿಕ್ಸಿ ತಾ."

ತ್ರಿವೇಣಿ ಮಿಕ್ಸಿ ತಂದಳು. ಅದನ್ನು ಪೆಟ್ಟಿಗೆಯ ಬೆನ್ನ ಹಿಂದೆ, ಹೊರಗಿನವರಿಗೆ ಕಾಣದ ಹಾಗೆ ಇಟ್ಟರು. ರೇವಣಸಿದ್ದ ಪ್ಲಗ್ಗು ಚುಚ್ಚಿದ. ಮರುಳಸಿದ್ದಮ್ಮ ಒಂದು ಹಿಡಿ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಗುಂಡಿಯನ್ನು ಒಮ್ಮೆಲೇ ಮೂರಕ್ಕೆ ತಿರುವಿದರು.

ಕಿಟಕಿಯಲ್ಲಿ ಮಾರುತೇಶ್ ಆಗಲೇ ಶುರು ಮಾಡಿದ್ದರು. "ಸರ್ವರ್ ಇ..." ಎನ್ನುವಷ್ಟರಲ್ಲಿ ಗದ್ದಲ ಎದ್ದಿತು. ಹೊನ್ನೂರಮ್ಮ ತಲೆ ಎತ್ತಿ, ಬಂತಲ್ಲ ಎಂದಳು. ಸಾಲು ಕದಲದೆ ನಿಂತಿತು. ಮಾರುತೇಶ್ ಕಿವಿಗೊಟ್ಟು ಕೇಳಿದರು. ಆಮೇಲೆ ಮೂಗು ಮೇಲಕ್ಕೆತ್ತಿದರು. ಬೆಳ್ಳುಳ್ಳಿಯ ವಾಸನೆ ರಸ್ತೆ ದಾಟಿ ಅಲ್ಲಿಗೆ ಹೋಗಿತ್ತು. ಮನೆಯಲ್ಲಿ ಮಿಕ್ಸಿ ಇರುವ ಯಾವ ಮನುಷ್ಯನಿಗಾದರೂ ಆ ಸದ್ದು ಗೊತ್ತಾಗುತ್ತದೆ. ಆದರೆ ಅದು ಮಿಕ್ಸಿ ಎಂದು ಅವರು ಹೇಳುವ ಹಾಗಿರಲಿಲ್ಲ. ಹೇಳಿದರೆ, ಮಿಕ್ಸಿ ತಿರುಗುವಾಗಲೂ ಆಗುವ ಕೆಲಸ ಇಷ್ಟು ವರ್ಷ ಯಾಕೆ ಆಗಲಿಲ್ಲ ಎಂದು ಸಾಲಿನವರು ಕೇಳುತ್ತಾರೆ. ಅವರು ನನ್ನ ಕಡೆ ಒಂದು ಸಲ ನೋಡಿದರು. ನನ್ನ ಅಂಗಡಿಗೆ ಮರಳಿದ್ದ ನಾನು ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನನಾದೆ. ಮಾರುತೇಶ್ ಹೋಗಿ ಕುರ್ಚಿಯ ಮೇಲೆ ಕೂತು ಇಪ್ಪತ್ತೇಳನೇ ನಂಬರು ಕರೆದರು.

ಆಮೇಲಿನ ಒಂದೂವರೆ ಗಂಟೆಯನ್ನು ನಾನು ಮರೆಯುವುದಿಲ್ಲ. ಮಿಕ್ಸಿಗೆ ಸರ್ವರಿನಷ್ಟು ತಾಳಿಕೆ ಇಲ್ಲ. ಆಗಾಗ ನಿಲ್ಲಿಸಿ ಆರಿಸಬೇಕು. ನಿಲ್ಲಿಸಿದಾಗಲೆಲ್ಲ ರೇವಣಸಿದ್ದ ಬಾಗಿಲಿಗೆ ಬಂದು, ಸರ್ವರ್ ಉಸಿರು ತೊಗೊಳ್ಳಾಕತ್ತೈತಿ, ಎರಡು ನಿಮಿಷ ತಡೀರಿ ಎಂದು ಸಾಲಿಗೆ ಹೇಳುತ್ತಿದ್ದ. ಜನ ತಲೆಯಾಡಿಸುತ್ತಿದ್ದರು, ಐದು ದಿನ ದುಡಿದ ಪ್ರಾಣಿಗೆ ಅಷ್ಟೂ ಬೇಡವೇ? ಇಪ್ಪತ್ತೆಂಟನೇ ನಂಬರಿಗೆ ಶೇಂಗಾ ಮುಗಿಯಿತು. ಹುರಿದ ಪುಟಾಣಿ ಕಡಲೆ ಬಂತು. ಇಪ್ಪತ್ತೊಂಬತ್ತನೆಯವರ ಹೆಸರು ಆಧಾರಿನಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಇದ್ದು ತಡವಾದ್ದರಿಂದ ಅಗಸಿ, ಗುರೆಳ್ಳು ಎರಡೂ ಖರ್ಚಾದವು. ಇಷ್ಟು ವರ್ಷದಲ್ಲಿ ಒಂದೇ ತಟ್ಟೆಯ ಹತ್ತಿರ ಕೈ ಹಾಕದ ಷಡ್ಡಕರು ಭುಜಕ್ಕೆ ಭುಜ ತಾಗಿಸಿ ಕೂತು, ಒಬ್ಬ ಬೆಳ್ಳುಳ್ಳಿ ಸುಲಿದ, ಇನ್ನೊಬ್ಬ ಕೊಬ್ಬರಿ ಹೆರೆದ. ಇಬ್ಬರ ಕಣ್ಣಲ್ಲೂ ನೀರು. ಅದು ಮೆಣಸಿನಕಾಯಿಯ ಖಾರಕ್ಕೆ ಎಂದು ಇಬ್ಬರೂ ಆಮೇಲೆ ಹೇಳಿದರು.

ಮೂವತ್ತನೇ ನಂಬರಿಗೆ ಅಡುಗೆಮನೆ ಖಾಲಿಯಾಯಿತು. ಮರುಳಸಿದ್ದಮ್ಮ ಒಂದು ಕ್ಷಣ ಯೋಚಿಸಿ, ತಾವೇ ಹೊತ್ತು ತಂದ ಕಂಪ್ಲಿಯ ಅಕ್ಕಿಯ ಚೀಲದ ಬಾಯಿ ಬಿಚ್ಚಿದರು. ಗಿರಣಿಯ ಮನೆಯವರು ಅಂಥ ಅಕ್ಕಿಯನ್ನು ಮಿಕ್ಸಿಗೆ ಹಾಕುವುದೆಂದರೆ ಎಂಥ ತ್ಯಾಗ ಎಂದು ನಮ್ಮ ಕಡೆಯವರಿಗೆ ಗೊತ್ತು. ಬಿಳಿ ಹಿಟ್ಟು ಎದ್ದು ಎಲ್ಲರ ಹುಬ್ಬಿನ ಮೇಲೆ ಕೂತಿತು. ಹೊರಗೆ ಹೊನ್ನೂರಮ್ಮನ ನಂಬರು ಕೂಗಿದರು. ನಾನು ಅವಳ ಹಿಂದೆ ಹೋದೆ. ಕಾಗದ ಒಳಗೆ ಹೋಯಿತು. ಸಾಹೇಬರು ಓದಿದರು, ಹಿಂದೆ ತಿರುವಿದರು, ಮತ್ತೆ ಮುಂದೆ ತಿರುವಿದರು, ಪೆನ್ನಿನ ಮುಚ್ಚಳ ತೆಗೆದರು. ರಸ್ತೆಯಾಚೆ ಮಿಕ್ಸಿಯ ದನಿ ಒಡೆದು ಕೀರಲಾಯಿತು. ಸಹಿ ಬಿತ್ತು. ಮಾರುತೇಶ್ ಮೊಹರು ಒತ್ತಿದರು. ಮಿಕ್ಸಿ ಟಪ್ ಎಂದಿತು.

ಐದೂವರೆಗೆ ಮಾರುತೇಶ್ ಕಚೇರಿಗೆ ಬೀಗ ಹಾಕಿ, ರಸ್ತೆ ದಾಟಿ ನೇರವಾಗಿ ಬಸವಕುಮಾರನ ಅಂಗಡಿಗೆ ಬಂದರು. ಒಳಗೆ ಅತ್ತೆ, ಇಬ್ಬರು ಅಳಿಯಂದಿರು, ತ್ರಿವೇಣಿ ಎಲ್ಲರೂ ಹಿಟ್ಟು ಮೆತ್ತಿಕೊಂಡು ಸಾಲಾಗಿ ನಿಂತಿದ್ದರು. ಮಾರುತೇಶ್ ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿದರು. ಅದರ ಮುಚ್ಚಳದ ಮೇಲೆ ಬಿದ್ದಿದ್ದ ಕಪ್ಪು ಪುಡಿಯನ್ನು ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿಕೊಂಡರು.

"ಇವತ್ತು ಸರ್ವರ್ ಚೊಲೊ ನಡೀತು," ಎಂದರು. ಹೊರಟವರು ಬಾಗಿಲಲ್ಲಿ ನಿಂತು ಹೇಳಿದರು, "ಗುರೆಳ್ಳಿಗೆ ಉಪ್ಪು ಸ್ವಲ್ಪ ಕಮ್ಮಿ ಆಗೇತಿ."

ಶನಿವಾರ ಪೂಜಿತಾ ಬಳ್ಳಾರಿಯಿಂದ ಬಂದಳು. ಪೆಟ್ಟಿಗೆಯ ಮುಚ್ಚಳ ತೆಗೆದು, ಅಕ್ಕಿಹಿಟ್ಟು ಊದಿ, ಟಾರ್ಚು ಹಿಡಿದು ನೋಡಿದಳು. ಅಪ್ಪನಿಗೆ ಬೈಯಲಿಲ್ಲ. ಈ ಜಾತಿಯ ಪ್ರೊಸೆಸರಿನಲ್ಲಿ ಚಿತ್ರ ತೋರಿಸುವ ಭಾಗವೇ ಇರುವುದಿಲ್ಲ, ಅದಕ್ಕೆ ಬೇರೆ ಕಾರ್ಡು ಹಾಕಬೇಕು, ಇದರಲ್ಲಿ ಅದು ಇರಲೇ ಇಲ್ಲ ಎಂದು ಬಿಡಿಸಿ ಹೇಳಿದಳು. ಬಸವಕುಮಾರ ಪರದೆಯ ಮೇಲಿನ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು ಕೇಳಿದ.

"ಹಂಗಾದ್ರ ಇಪ್ಪತ್ತೆರಡು ತಲಿ ಐದು ದಿನ ಒಳಗ ಏನ್ ಮಾಡ್ತಿದ್ವವ್ವಾ?"

"ನೀವ್ ಏನರ ಕೆಲಸ ಹೇಳ್ತೀರಂತ ಕಾಯ್ತಿದ್ವು, ಅಪ್ಪಾ."

ಅವನು ಜೇಬಿನಿಂದ ಚೀಟಿ ತೆಗೆದು ಕೊಟ್ಟ. ಅಂಗಿಯ ಜೊತೆ ಒಂದು ಸಲ ಒಗೆತಕ್ಕೆ ಹೋಗಿ ಬಂದಿತ್ತು. ಅಕ್ಷರ ಅಳಿಸಿ, ಕೆಳಗಿನ ಎರಡು ಗೆರೆ ಮಾತ್ರ ಉಳಿದಿದ್ದವು. ಅಂದು ಸಂಜೆಯೇ ಅಪ್ಪ ಮಗಳು ಹೋಗಿ ಆರು ಕೋರಿನ ಸಾಧಾರಣ ಕಂಪ್ಯೂಟರ್ ತಂದರು, ರೇವಣಸಿದ್ದನದರ ತದ್ರೂಪು. ಸ್ವಿಚ್ಚು ಹಾಕಿದ ಕೂಡಲೇ ಪರದೆಯಲ್ಲಿ ಬೆಳಕು ಬಂತು, ಸದ್ದೇ ಇಲ್ಲ. ಬಸವಕುಮಾರ ಅದನ್ನು ಮುಟ್ಟದೆ ಸ್ವಲ್ಪ ಹೊತ್ತು ನೋಡುತ್ತ ಕೂತ. ಮರುಳಸಿದ್ದಮ್ಮ ಕಂಪ್ಲಿಯ ಬಸ್ಸು ಹತ್ತುವ ಮುಂಚೆ ಬೀಗರಿಗೆಲ್ಲ ಫೋನು ಮಾಡಿ ತೀರ್ಪು ಕೊಟ್ಟರು. ಹಿರಿ ಅಳಿಯನ ಮಿಷನ್ನಿನಲ್ಲಿ ಚಿತ್ರ ಬರುತ್ತದೆ, ಸಣ್ಣ ಅಳಿಯನ ಮಿಷನ್ನಿನಲ್ಲಿ ಚಟ್ನಿ ಬರುತ್ತದೆ. ಮುಂದಿನ ಹಬ್ಬದಲ್ಲಿ ಎರಡು ಕೈಯಲ್ಲಿ ಎರಡು ಸೌಟು ಹಿಡಿದು ಒಂದೇ ಕ್ಷಣಕ್ಕೆ ಇಬ್ಬರಿಗೂ ತುಪ್ಪ ಬಡಿಸಿದರು.

ಸತ್ತ ಪೆಟ್ಟಿಗೆಯನ್ನು ಬಸವಕುಮಾರ ಗುಜರಿಗೆ ಹಾಕಲಿಲ್ಲ. ಅದು ಈಗಲೂ ಅಂಗಡಿಯ ಬಾಗಿಲ ಬಳಿ, ಎದುರು ಕಿಟಕಿಗೆ ಕಾಣುವ ಹಾಗೆ ಕೂತಿದೆ. ಮಾರುತೇಶ್ ಬೆಳಿಗ್ಗೆ ಹನ್ನೊಂದಕ್ಕೆ ಮುಖ ಹೊರಗೆ ಹಾಕಿದರೆ ಮೊದಲು ಅದನ್ನು ನೋಡುತ್ತಾರೆ. ಎಷ್ಟೋ ದಿನ ಏನೂ ಹೇಳದೆ ಮುಖ ಒಳಗೆ ತೆಗೆದುಕೊಂಡು ಕೆಲಸ ಶುರು ಮಾಡುತ್ತಾರೆ.

ಪಿಂಚಣಿ ಮತ್ತೆ ಬರತೊಡಗಿದ ತಿಂಗಳು ಹೊನ್ನೂರಮ್ಮ ಮರಿಯಮ್ಮನಹಳ್ಳಿಯಿಂದ ಬಂದಳು. ಕಚೇರಿಯ ಕಡೆ ಹೋಗಲಿಲ್ಲ. ನೇರವಾಗಿ ಬಸವಕುಮಾರನ ಅಂಗಡಿಗೆ ಬಂದು, ಸೊಂಟದಿಂದ ಒಂದು ಗಂಟು ತೆಗೆದು ಪೆಟ್ಟಿಗೆಯ ಮೇಲೆ ಇಟ್ಟಳು. ಬಿಚ್ಚಿ ನೋಡಿದರೆ ಎರಡು ಸೇರು ಶೇಂಗಾ. ಬಸವಕುಮಾರ ಇದೆಲ್ಲ ಯಾಕಜ್ಜಿ ಎಂದು ಸಂಕೋಚದಿಂದ ಕೇಳಿದ.

"ಸರ್ವರಿಗೆ ಇಟ್ಕೋ ತಮ್ಮಾ," ಎಂದಳು ಹೊನ್ನೂರಮ್ಮ. "ಬರೋ ವರ್ಷ ಮತ್ತ ಕಾಗದ ಮಾಡಸ್ಬೇಕಂತ. ಹುರ್ದೇ ತಂದೀನಿ."